ತಮಾ, ಬಲ ಬದಿ

ದೇವಿಮನೆ ಘಟ್ಟದಲ್ಲಿ ನಾನು ಹದಿನೆಂಟು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ವಾರಕ್ಕೆ ಎರಡು ಸಲವಾದರೂ ಶಿರಸಿಯಿಂದ ಕುಮಟಾಕ್ಕೆ ಇಳಿದು ಹತ್ತುವ ಕೆಲಸ ನನ್ನದು. ಯಾವ ತಿರುವಿನಲ್ಲಿ ಹಾರನ್ ಹೊಡೆಯಬೇಕು, ಎಲ್ಲಿ ನಿಂತು ಘಟ್ಟ ಹತ್ತುವ ಬಸ್ಸಿಗೆ ಜಾಗ ಕೊಡಬೇಕು, ಆಷಾಢದ ಮಂಜಿನಲ್ಲಿ ಎದುರಿನ ಲಾರಿಯನ್ನು ದೀಪ ಕಾಣುವ ಮೊದಲೇ ಸದ್ದಿನಲ್ಲಿ ಹೇಗೆ ಗುರುತಿಸಬೇಕು, ಇವೆಲ್ಲ ಕೈಕಾಲಿಗೇ ಗೊತ್ತು. ಐಸ್‌ಲ್ಯಾಂಡಿಗೆ ಹೋಗಿ ಬಾಡಿಗೆ ಕಾರು ತೆಗೆದುಕೊಂಡು ನಾವೇ ಓಡಿಸಿಕೊಂಡು ಸುತ್ತೋಣ ಎಂದು ಹೆಂಡತಿ ಅಂದಾಗ ಘಟ್ಟವಾಗಲಿ, ಮಳೆಯಾಗಲಿ, ಕಿರಿದಾದ ರಸ್ತೆಯಾಗಲಿ ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಹೆದರಿಕೆ ಇದ್ದದ್ದು ಒಂದಕ್ಕೇ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗಬೇಕು. ಕೈಕಾಲು ಇಷ್ಟು ವರ್ಷ ಕಲಿತದ್ದೇ ಅಲ್ಲಿ ಅಡ್ಡ ಬರುತ್ತದೆ.

ನನ್ನ ತಾಯಿಯನ್ನೂ, ಅಂದರೆ ಆಯಿಯನ್ನೂ, ಕರೆದುಕೊಂಡು ಹೊರಟೆವು. ಅವಳಿಗೆ ಹಿಮ ನೋಡುವ ಆಸೆ ಬಹಳ ವರ್ಷದ್ದು. ಘಟ್ಟದ ತಿರುವಿನಲ್ಲಿ ಅವಳಿಗೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ಎಲ್ಲಿಗೆ ಹೋದರೂ ಮುಂದಿನ ಸೀಟು ಅವಳದು. ಕೈಯಲ್ಲಿ ಒಂದು ನಿಂಬೆಹಣ್ಣು ಇದ್ದೇ ಇರುತ್ತದೆ.

ಹೊರಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೆ. ಫಾರ್ಮ್ 4ಎ ತುಂಬಿ, ಲೈಸೆನ್ಸ್, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಇಟ್ಟು, 1,000 ರೂಪಾಯಿ ಕಟ್ಟಿದರೆ ಆಯಿತು. ಬೇರೆ ಪರೀಕ್ಷೆ ಇಲ್ಲ. ಒಂದು ವರ್ಷ ನಡೆಯುತ್ತದೆ. ಆದರೆ ಪರ್ಮಿಟ್ ಒಂದನ್ನೇ ಹಿಡಿದು ಹೋದರೆ ಸಾಲದು, ನಮ್ಮ ಮೂಲ ಲೈಸೆನ್ಸೂ ಜೊತೆಗಿರಬೇಕು. ಕಾರಿನ ಠೇವಣಿಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಆ ಕಾರ್ಡಿನ ಪಿನ್ ನಂಬರ್ ನೆನಪಿಟ್ಟುಕೊಂಡೇ ಹೋಗಿ, ಯಾಕೆಂದು ಮುಂದೆ ಹೇಳುತ್ತೇನೆ.

ರಾತ್ರಿ ವಿಮಾನದ ನಿದ್ದೆಗೆಟ್ಟ ಕಣ್ಣಿನಲ್ಲಿ ಸ್ಟೇರಿಂಗ್ ಹಿಡಿಯುವುದು ಬೇಡವೆಂದು ಮೊದಲ ದಿನ ರೇಕ್ಯಾವಿಕ್‌ನಲ್ಲಿ ಸುಮ್ಮನೆ ಮಲಗಿದೆವು. ಕಾರು ತೆಗೆದುಕೊಂಡದ್ದು ಮರುದಿನ ಬೆಳಿಗ್ಗೆ. ನಾನು ಇಡೀ ಪ್ರವಾಸದಲ್ಲಿ ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ ಅದು.

ಕಾರು ಕೊಟ್ಟ ಹುಡುಗಿ ವಿಮೆಯ ಬಗ್ಗೆ ಹೇಳಿದ್ದರಲ್ಲಿ ಒಂದು ಮಾತು ನನಗೆ ಹೊಸದು. ಜಲ್ಲಿಕಲ್ಲು ಸಿಡಿದು ಗಾಜು ಒಡೆದರೆ ಅದಕ್ಕೊಂದು ವಿಮೆ ಇದೆ, ಮರಳುಗಾಳಿಗೆ ಬಣ್ಣ ಸವೆದರೆ ಅದಕ್ಕೂ ಬೇರೆ ಇದೆ. ಆದರೆ ಗಾಳಿ ಹೊಡೆತಕ್ಕೆ ಬಾಗಿಲು ಕಿತ್ತುಬಂದರೆ ನಾವು ತೆಗೆದುಕೊಂಡ ಯಾವ ವಿಮೆಯೂ ಬರುವುದಿಲ್ಲ. ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಿರಿ ಎಂದಳು. ಕಾರಿನ ಸುತ್ತ ಒಂದು ಸುತ್ತು ಬಂದು ಇದ್ದ ಗೀರುಗಳ ಫೋಟೊ ತೆಗೆದುಕೊಂಡೆವು.

ಸ್ಟೇರಿಂಗ್ ಎಡಗಡೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮಾತ್ರ ನಮ್ಮಲ್ಲಿದ್ದ ಕ್ರಮದಲ್ಲೇ ಇರುವುದರಿಂದ ಕಾಲಿಗೆ ತೊಂದರೆಯಿಲ್ಲ. ಕಷ್ಟ ಕೈಗೆ. ಗೇರ್ ಹಾಕಲು ಎಡಗೈ ಹೋದಾಗಲೆಲ್ಲ ಬಾಗಿಲಿಗೆ ಬಡಿಯುತ್ತಿತ್ತು. ಮನೆಯ ಕಾರಿನಲ್ಲಿ ಇಂಡಿಕೇಟರ್ ಬಲಗೈಯ ಹತ್ತಿರ, ಇಲ್ಲಿ ಎಡಕ್ಕೆ. ಮೊದಲ ನಾಲ್ಕು ತಿರುವುಗಳಲ್ಲಿ ಬಿಸಿಲಿದ್ದಾಗಲೂ ವೈಪರ್ ಹೊಡೆದುಕೊಂಡಿತು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಸುತ್ತು ಹಾಕಿದ ಮೇಲೆಯೇ ರಸ್ತೆಗಿಳಿದೆ.

ಹೆಂಡತಿ ಹಿಂದೆ ಕೂತು ಮ್ಯಾಪ್ ನೋಡುತ್ತಿದ್ದಳು. ಎರಡು ಸಾಲಿನ ಸರ್ಕಲ್ ಬಂದಾಗ ಒಳಸಾಲಿನಲ್ಲಿದ್ದವರಿಗೇ ಮೊದಲು ಹೊರಬರುವ ಹಕ್ಕು ಎಂಬ ನಿಯಮ ಆ ದೇಶದಲ್ಲಿದೆ, ಅದನ್ನು ಮೊದಲೇ ಓದಿ ನನಗೆ ಮೂರು ಸಲ ಹೇಳಿಟ್ಟಿದ್ದಳು. ಹಗಲಿನಲ್ಲೂ ದೀಪ ಉರಿಸಿಕೊಂಡೇ ಹೋಗಬೇಕು. ಊರೊಳಗೆ ಗಂಟೆಗೆ 50, ಹೊರಗೆ ಡಾಂಬರು ರಸ್ತೆಯಲ್ಲಿ 90, ಜಲ್ಲಿ ರಸ್ತೆಯಲ್ಲಿ 80 ಕಿಲೋಮೀಟರ್ ಮಿತಿ. ಹಾರನ್ ಸದ್ದನ್ನು ಐದು ದಿನದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಆ ದೇಶವನ್ನು ಬಳಸಿ ಬರುವ ಒಂದನೇ ನಂಬರಿನ ರಸ್ತೆ 1,322 ಕಿಲೋಮೀಟರ್ ಉದ್ದ. ನಾವು ಹಿಡಿದದ್ದು ಅದರ ದಕ್ಷಿಣದ ಪಾಲು ಮಾತ್ರ. ಹೆಲಿಸ್‌ಹೇಡಿಯ ಬಯಲು ದಾಟಿ ಕ್ವೇರಾಗೆರ್ಡಿ ಊರಿಗೆ ಇಳಿಯುವಾಗ ತಿರುವು ರಸ್ತೆ ಬಂತು. ಆಯಿ ನಿಂಬೆಹಣ್ಣು ಮೂಗಿಗೆ ಹಿಡಿದಳು. ನನಗೆ ಮಾತ್ರ ಮನೆಗೆ ಬಂದ ಹಾಗಾಯಿತು. ಎರಡನೇ ಗೇರಿಗೆ ಇಳಿಸಿ ನಿಧಾನವಾಗಿ ಬಂದೆ. ಸ್ಕೋಗಾಫೋಸ್ ಜಲಪಾತ 60 ಮೀಟರ್, ನಮ್ಮ ಉಂಚಳ್ಳಿಯ ಅರ್ಧದಷ್ಟು. ಆದರೆ ಕಾರು ನಿಲ್ಲಿಸಿ ಸಮತಟ್ಟಿನಲ್ಲೇ ನಡೆದು ನೀರಿನ ಬುಡಕ್ಕೇ ಹೋಗಬಹುದು. ಮೊಣಕಾಲು ನೋವಿನ ಆಯಿ ತುಂತುರಿನಲ್ಲಿ ನೆನೆದು ನಿಂತದ್ದನ್ನು ನೋಡಿ ನನಗೆ ಉಂಚಳ್ಳಿಯ ಮೆಟ್ಟಿಲುಗಳ ನೆನಪಾಯಿತು. ಅವಳು ಅಲ್ಲಿ ಯಾವತ್ತೂ ಮೇಲಿನಿಂದಲೇ ನೋಡಿದವಳು.

ವೀಕ್ ಎಂಬ ಊರಿನ ಬಂಕಿನಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ರಾತ್ರಿ ಒಂಬತ್ತರ ಸಮಯ. ಮೇ ಕೊನೆಯಾದ್ದರಿಂದ ಬಿಸಿಲು ಇನ್ನೂ ಇತ್ತು. ಬಂಕಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ಯಂತ್ರಕ್ಕೆ ಕಾರ್ಡ್ ತೂರಿಸಿ, ಪಿನ್ ಒತ್ತಿ, ಎಷ್ಟು ಹಣದ್ದು ಬೇಕೆಂದು ಹೇಳಿ, ಪೈಪು ನಾವೇ ಹಿಡಿದು ತುಂಬಿಸಿಕೊಳ್ಳಬೇಕು. ಪಿನ್ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ. ತುಂಬಿಸಿ, ಮುಚ್ಚಳ ಹಾಕಿ, ಎಲ್ಲ ಸರಿಯಾಯಿತೆಂಬ ಸಮಾಧಾನದಲ್ಲಿ ಹೊರಟೆ. ರಸ್ತೆ ಎರಡೂ ಕಡೆ ಖಾಲಿ. ಎಡಕ್ಕೆ ತಿರುಗಿಸಿಕೊಂಡು ಎಡ ಅಂಚಿನಲ್ಲೇ ಹೋಗುತ್ತಿದ್ದೆ. ಶಿರಸಿಯಲ್ಲಿ ಹೋದ ಹಾಗೆ, ಅಷ್ಟೇ ನಿಶ್ಚಿಂತೆಯಿಂದ.

"ತಮಾ, ಬಲ ಬದಿ!"

ಆಯಿ ಕೂಗಲಿಲ್ಲ, ಗಟ್ಟಿಯಾಗಿ ಹೇಳಿದಳು ಅಷ್ಟೇ. ನಾನು ಬಲಕ್ಕೆ ಎಳೆದುಕೊಂಡೆ. ಹತ್ತು ಎಣಿಸುವಷ್ಟರಲ್ಲಿ ಮುಂದಿನ ತಿರುವಿನಿಂದ ದೊಡ್ಡ ಬಸ್ಸೊಂದು ಬಂದು, ನಾನು ಈಗಷ್ಟೇ ಬಿಟ್ಟ ಜಾಗದಲ್ಲಿ ಹಾದುಹೋಯಿತು. ಸಿಕ್ಕಿದ ಮೊದಲ ಜಾಗದಲ್ಲಿ ಕಾರು ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಆಯಿ ಏನೂ ಬಯ್ಯಲಿಲ್ಲ. ಕೈಲಿದ್ದ ನಿಂಬೆಹಣ್ಣನ್ನು ನನಗೆ ಕೊಟ್ಟಳು.

ಎದುರಿಗೆ ವಾಹನ ಸಾಲಾಗಿ ಬರುತ್ತಿದ್ದಾಗ ನಾನು ಒಮ್ಮೆಯೂ ತಪ್ಪಲಿಲ್ಲ, ಅವರನ್ನು ನೋಡಿಯೇ ಬದಿ ತಿಳಿಯುತ್ತದೆ. ತಪ್ಪಿದ್ದು ಖಾಲಿ ರಸ್ತೆಯಲ್ಲಿ, ಅದೂ ನಿಲ್ಲಿಸಿದ ಕಾರನ್ನು ಮತ್ತೆ ಹೊರಡಿಸಿದ ಮೊದಲ ಕ್ಷಣದಲ್ಲಿ. ಬಂಕು, ಹೋಟೆಲಿನ ಅಂಗಳ, ಫೋಟೊಕ್ಕೆ ನಿಲ್ಲಿಸಿದ ಜಾಗ, ಅಪಾಯ ಇರುವುದು ಅಲ್ಲಿ. ಅವತ್ತಿನಿಂದ ಕೀಲಿ ತಿರುಗಿಸಿದ ಕೂಡಲೇ ಆಯಿ "ಬಲ ಬದಿ" ಅನ್ನುವುದು, ನಾನು ಅದನ್ನೇ ತಿರುಗಿ ಹೇಳಿ ಹೊರಡುವುದು ಎಂದು ಗೊತ್ತುಮಾಡಿಕೊಂಡೆವು. ಇನ್ನೊಂದು ಗುರುತನ್ನೂ ಇಟ್ಟುಕೊಂಡೆ. ಅಲ್ಲಾಗಲಿ ಇಲ್ಲಾಗಲಿ, ಓಡಿಸುವವನು ರಸ್ತೆಯ ನಡುಗೆರೆಯ ಕಡೆಗೇ ಕೂತಿರುತ್ತಾನೆ. ನಾನು ಅಂಚಿನ ಹುಲ್ಲಿನ ಪಕ್ಕದಲ್ಲಿದ್ದೇನೆ ಎಂದರೆ ಬದಿ ತಪ್ಪಿದೆ ಎಂದೇ ಅರ್ಥ.

ವೀಕ್ ಹತ್ತಿರದ ರೇನಿಸ್‌ಫ್ಯಾರಾ ಕಡಲತೀರ ಪೂರ್ತಿ ಕಪ್ಪು. ಇದ್ದಕ್ಕಿದ್ದಂತೆ ದೊಡ್ಡ ತೆರೆ ಬಂದು ಎಳೆದುಕೊಂಡು ಹೋಗುತ್ತದೆ, ಸಮುದ್ರಕ್ಕೆ ಬೆನ್ನು ಹಾಕಬೇಡಿ ಎಂದು ಫಲಕವಿದೆ. ನಾವು ದೂರದಲ್ಲೇ ನಿಂತೆವು. ಬಾಗಿಲು ತೆರೆಯುವ ಮೊದಲೇ ಆಯಿ, "ಗಾಳಿ ಇದ್ದು, ಬಾಗ್ಲು ಗಟ್ಟಿ ಹಿಡ್ಕ" ಎಂದಿದ್ದಳು. ಒಂದು ಹಿಡಿ ಮರಳು ಎತ್ತಿ ಅಂಗೈಯಲ್ಲಿ ಹರಡಿ ನೋಡಿದಳು. ಕಾರವಾರದ ಮಾಜಾಳಿಯ ಆಚೆ ತಿಳ್ಮಾತಿ ಎಂಬ ಕಪ್ಪು ಮರಳಿನ ತೀರವಿದೆಯಲ್ಲ, ಎಳ್ಳು ಹರಡಿದ ಹಾಗೆ ಕಾಣುತ್ತದೆಂದೇ ಅದಕ್ಕೆ ಆ ಹೆಸರು. ಮದುವೆಯಾದ ಹೊಸದರಲ್ಲಿ ಅಪ್ಪಯ್ಯ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದನಂತೆ. "ಅದು ಇನ್ನೂ ಸಣ್ಣ" ಎಂದು ಹೇಳಿ ಮರಳನ್ನು ಅಲ್ಲೇ ಬಿಟ್ಟಳು.

ಅಲ್ಲಿಂದ ಪೂರ್ವಕ್ಕೆ ಹೋದಂತೆ ಒಂದೇ ವಾಹನ ಹಿಡಿಸುವ ಸೇತುವೆಗಳು ಬಂದವು. ಯಾರು ಸೇತುವೆಗೆ ಹತ್ತಿರವೋ ಅವರು ಮೊದಲು. ಉಳಿದವರು ನಿಂತು ಕಾಯುತ್ತಾರೆ, ದಾಟಿದವರು ಕೈಯೆತ್ತಿ ಹೋಗುತ್ತಾರೆ. ಘಟ್ಟದಲ್ಲಿ ಹತ್ತುವವರಿಗೆ ದಾರಿ ಬಿಟ್ಟು ಅಭ್ಯಾಸವಿದ್ದ ನನಗೆ ಅದು ಕಲಿಯಬೇಕಾದ ಪಾಠವೇ ಆಗಿರಲಿಲ್ಲ.

ಸ್ಕಾಫ್ಟಾಫೆಲ್ ಹತ್ತಿರ ರಸ್ತೆ ಪಕ್ಕದಲ್ಲಿ ತಿರುಚಿದ ಎರಡು ದೊಡ್ಡ ಉಕ್ಕಿನ ತೊಲೆಗಳನ್ನು ಹಾಗೇ ಇಟ್ಟಿದ್ದಾರೆ. ಆ ಬಯಲಿನ ನದಿಗಳಿಗೆ ಸೇತುವೆ ಕಟ್ಟಿ ಮುಗಿದದ್ದು 1974ರಲ್ಲಿ, ಒಂದನೇ ನಂಬರಿನ ರಸ್ತೆಯ ಸುತ್ತು ಪೂರ್ತಿಯಾದದ್ದೂ ಆಗಲೇ. 1996ರಲ್ಲಿ ಹಿಮದ ಅಡಿಯ ಜ್ವಾಲಾಮುಖಿ ಸಿಡಿದು, ಕರಗಿದ ನೀರು ನವೆಂಬರಿನಲ್ಲಿ ಒಮ್ಮೆಲೇ ನುಗ್ಗಿ, ಮನೆಯಷ್ಟು ದೊಡ್ಡ ಮಂಜುಗಡ್ಡೆಗಳನ್ನು ತಂದು ಸೇತುವೆಗೆ ಬಡಿಯಿತು. ತೊಲೆಯ ಮೇಲೆ ಕೈಯಿಟ್ಟೆ, ತಣ್ಣಗಿತ್ತು, ತುಕ್ಕಿನ ಪುಡಿ ಬೆರಳಿಗೆ ಹತ್ತಿತು. ನಾವು ಮೂವರೂ ಮಾತಾಡಲಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಬಿದ್ದದ್ದು, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಲಾರಿಯ ಸಮೇತ ಕುಸಿದದ್ದು, ಎರಡೂ ದಾರಿಯಲ್ಲಿ ನಾನು ಅದೇ ವರ್ಷ ಎಷ್ಟು ಸಲ ಹೋಗಿಬಂದಿದ್ದೆನೋ ಲೆಕ್ಕವಿಲ್ಲ. ಬಗ್ಗಿದ ಉಕ್ಕನ್ನು ಸಾಗಿಸಿಬಿಡದೆ ದಾರಿಹೋಕರ ಕಣ್ಣಿಗೆ ಬೀಳುವಂತೆ ಅವರು ಇಟ್ಟಿದ್ದಾರೆ. ನಮ್ಮಲ್ಲೂ ಅಂಥದ್ದೊಂದು ಗುರುತು ಇರಬೇಕೆಂದು ನನಗೆ ನಿಜವಾಗಿ ಅನಿಸುತ್ತದೆ.

ಯೋಕುಲ್ಸಾರ್ಲೋನ್ ಸರೋವರದಲ್ಲಿ ನೀಲಿ ಮಂಜುಗಡ್ಡೆಗಳು ತೇಲುತ್ತಿದ್ದವು. ದಡಕ್ಕೆ ಬಂದ ಒಂದು ಚೂರನ್ನು ಆಯಿ ಎತ್ತಿ, ಕರಗುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದಳು. ಅಲ್ಲಿಂದ ತಿರುಗಿದೆವು. ಕಾರು ಒಪ್ಪಿಸಿದಾಗ 870 ಕಿಲೋಮೀಟರ್ ಆಗಿತ್ತು, ಹೊಸ ಗೀರು ಒಂದೂ ಇರಲಿಲ್ಲ.

ಗೋವಾ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ ಹೋಗಿದ್ದ ನಮ್ಮ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಆಯಿ "ಈಗ ಎಡ" ಎಂದಳು. "ಎಡ" ಎಂದು ತಿರುಗಿ ಹೇಳಿ ಹೊರಟೆ. ಮಳೆ ಹಿಡಿದಿತ್ತು. ಮಾಜಾಳಿ ಚೆಕ್‌ಪೋಸ್ಟ್ ದಾಟುವಾಗ ಅವಳು ಬಲಕ್ಕೆ ಸಮುದ್ರದ ಕಡೆ ಬೆರಳು ತೋರಿಸಿದಳು.

"ತಿಳ್ಮಾತಿ ಅಲ್ಲೇ ಅಲ್ದ? ಮಳೆಗಾಲ ಕಳೀಲಿ ತಮಾ, ಒಂದು ದಿನ ಹೋಪನ."