ಉಬ್ಬಸದ ಪೆಟ್ಟಿಗೆ ಮತ್ತು ಕಹಳೆಯ ಬಾಯಿ

ನಾನು ಕಟ್ಟಿದ ಮೊದಲ ಸಬ್‌ವೂಫರ್‌ಗೆ, ಅಂದರೆ ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆಗೆ, ಉಬ್ಬಸವಿತ್ತು. ಮೆಲುದನಿಯಲ್ಲಿ ಗೊತ್ತಾಗುತ್ತಿರಲಿಲ್ಲ, ವಾಲ್ಯೂಮ್ ಏರಿಸಿ 20 ಹರ್ಟ್ಸ್ ಆಸುಪಾಸಿನ ಸ್ವರ ಕೊಟ್ಟರೆ ಸಾಕು, ಗುಡುಗಿನ ಜೊತೆಗೆ ಬುಸ್ ಬುಸ್ ಎಂದು ಏದುಸಿರು. ಪಕ್ಕದ ಕೋಣೆಯಿಂದ ತಂಗಿ ಬಂದು, "ಅಣ್ಣಾ, ಒಳಗೆ ಯಾರೋ ಒಲೆ ಊದುತ್ತಿರುವ ಹಾಗೆ ಕೇಳಿಸುತ್ತಿದೆ" ಎಂದಳು. ಎರಡು ವಾರ ಗರಗಸ ಹಿಡಿದು ದುಡಿದವನಿಗೆ ಹೇಳುವ ಮಾತೇ ಅದು? ಆದರೆ ಹೇಳಿದ್ದು ನಿಜ.

ತಪ್ಪು ಪೋರ್ಟಿನದು, ಅಂದರೆ ಪೆಟ್ಟಿಗೆಯ ಗಾಳಿ ಒಳಹೊರಗೆ ಓಡಾಡಲು ಇಟ್ಟ ಕೊಳವೆಯದು. 150 ಲೀಟರಿನ ಪೆಟ್ಟಿಗೆ, 12 ಇಂಚಿನ ಸ್ಪೀಕರ್, 10 ಸೆಂಟಿಮೀಟರ್ ವ್ಯಾಸದ ಪಿವಿಸಿ ಪೈಪು, ಅದರ ಉದ್ದ 32 ಸೆಂಟಿಮೀಟರ್. ಶ್ರುತಿ 20 ಹರ್ಟ್ಸ್‌ಗೆ ಸರಿಯಾಗಿಯೇ ಕೂತಿತ್ತು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಸ್ವರ ಬರುತ್ತದಲ್ಲ, ತತ್ವ ಅದೇ. 19ನೇ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ಅನುರಣನ. ಶ್ರುತಿಯ ಆವರ್ತನದಲ್ಲಿ ಸ್ಪೀಕರಿನ ಕೋನ್ (ಅಲುಗುವ ಶಂಕು) ಹೆಚ್ಚುಕಡಿಮೆ ನಿಂತೇಬಿಡುತ್ತದೆ, ದುಡಿಯುವುದೆಲ್ಲ ಪೈಪಿನೊಳಗಿನ ಗಾಳಿ ಎಂಬುದನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಸ್ಪೀಕರ್ ಪೆಟ್ಟಿಗೆಯ ಲೆಕ್ಕ ಹಾಕುವ ವಿನ್‌ಐಎಸ್‌ಡಿ ತಂತ್ರಾಂಶಕ್ಕೆ ನನ್ನ ಆಂಪ್ಲಿಫೈಯರಿನ ವ್ಯಾಟ್ ಕೊಟ್ಟು ನೋಡಿದರೆ ಪೋರ್ಟಿನಲ್ಲಿ ಗಾಳಿಯ ಗರಿಷ್ಠ ವೇಗ ಸೆಕೆಂಡಿಗೆ 34 ಮೀಟರ್. ಇದು 17 ಮೀಟರ್ ದಾಟದಿರಲಿ, ಅಂದರೆ ಶಬ್ದದ ವೇಗದ ಶೇ 5ರೊಳಗಿರಲಿ ಎಂಬುದು ಈ ಹವ್ಯಾಸದವರಲ್ಲಿ ರೂಢಿಯ ಮಾತು. ನಾನು ಅದರ ದುಪ್ಪಟ್ಟಿನಲ್ಲಿದ್ದೆ.

ಪೈಪು ದಪ್ಪ ಮಾಡಿದರಾಯಿತಲ್ಲ ಎನ್ನಬಹುದು. ಅಲ್ಲೇ ಇರುವುದು ಕೊಕ್ಕೆ. ವ್ಯಾಸ ಎರಡು ಪಟ್ಟಾದರೆ ಅದೇ ಶ್ರುತಿಗೆ ಉದ್ದ ನಾಲ್ಕು ಪಟ್ಟಿಗಿಂತ ತುಸು ಹೆಚ್ಚೇ ಬೇಕು. ನನ್ನ ಪೆಟ್ಟಿಗೆಗೆ 15 ಸೆಂಟಿಮೀಟರಿನ ಪೈಪು ಹಾಕಿದರೆ ಉದ್ದ 77 ಸೆಂಟಿಮೀಟರ್. 20 ಸೆಂಟಿಮೀಟರಿನದಾದರೆ 142! ಮೂಗಿಗಿಂತ ಮೂಗುತಿ ಭಾರ. ಸಾಲದ್ದಕ್ಕೆ ಅಷ್ಟುದ್ದದ ಪೈಪು ತಾನೇ ಕೊಳಲಿನಂತೆ 110–120 ಹರ್ಟ್ಸ್ ಹತ್ತಿರ ನುಡಿಯತೊಡಗುತ್ತದೆ. 80 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ತಗ್ಗಿಸುವ ಕ್ರಾಸ್‌ಓವರ್ ಅದನ್ನು ಪೂರ್ತಿ ಅಡಗಿಸಲಾರದು. ಅಳೆದು ಸುರಿದು 15ಕ್ಕೆ ಬಂದು ನಿಂತೆ. ವೇಗ ಸೆಕೆಂಡಿಗೆ 15 ಮೀಟರಿಗೆ ಇಳಿಯುತ್ತದೆ. ಪೈಪು ಹಿಡಿಸಲು ಹಳೆಯ ಪೆಟ್ಟಿಗೆ ಬಿಚ್ಚಿ ಸೊಂಟದೆತ್ತರದ ಹೊಸದನ್ನು ಕಟ್ಟಬೇಕಾಯಿತು, 170 ಲೀಟರಿನದು. ಪೈಪೇ 15 ಲೀಟರಿಗೂ ಮಿಕ್ಕಿ ಜಾಗ ನುಂಗುತ್ತದೆ ಎಂಬುದನ್ನು ಈ ಸಲ ಮರೆಯಲಿಲ್ಲ.

ಇನ್ನು ಬಾಯಿ. ಕತ್ತರಿಸಿದ ಪೈಪಿನ ಚೂಪು ಅಂಚಿನಲ್ಲಿ ಗಾಳಿಗೆ ತಿರುಗಲು ಎಡೆಯಿಲ್ಲ. ಗೋಡೆ ಬಿಟ್ಟು ಕಿತ್ತುಕೊಂಡು ಸುಳಿಯಾಗುತ್ತದೆ. ಬುಸ್ ಎನ್ನುವುದು ಆ ಸುಳಿಗಳೇ. ಬಾಯಿಯನ್ನು ಉಮ್ಮತ್ತಿ ಹೂವಿನಂತೆ ಮೆಲ್ಲಗೆ ಅರಳಿಸಿದರೆ ಗಾಳಿ ಗೋಡೆಯನ್ನು ಹಿಡಿದುಕೊಂಡೇ ಹೊರಬರುತ್ತದೆ, ಹೊರಬರುವಷ್ಟರಲ್ಲಿ ವೇಗವೂ ಇಳಿದಿರುತ್ತದೆ. ಸ್ಪೀಕರ್ ತಯಾರಿಸುವ ಬವರ್ಸ್ ಅಂಡ್ ವಿಲ್ಕಿನ್ಸ್‌ನವರು ತಮ್ಮ ಪೋರ್ಟಿನ ಬಾಯಿಗೆ ಗಾಲ್ಫ್ ಚೆಂಡಿನ ಹಾಗೆ ಗುಳಿಗಳನ್ನು ಕೂಡ ಕೊಟ್ಟಿದ್ದಾರೆ. ನನಗೆ ಅಷ್ಟು ತಾಳ್ಮೆಯಿಲ್ಲ. ಆದರೆ ಒಂದು ಮಾತು: ಒಳತುದಿಗೂ ಇದೇ ಅರಳು ಬೇಕು. ಗಾಳಿ ಎರಡೂ ಕಡೆ ಓಡಾಡುತ್ತದೆ. ಕಾಣುವ ಕಡೆ ಮಾತ್ರ ಚೆಂದ ಮಾಡಿ ಒಳಗೆ ಗರಗಸದ ಗಾಯ ಬಿಟ್ಟರೆ ಅರ್ಧ ಕೆಲಸ.

ಸಿದ್ಧ ಪೋರ್ಟ್ ಹುಡುಕಿದೆ. 10 ಸೆಂಟಿಮೀಟರಿನವು ಬೇಕಾದಷ್ಟು ಸಿಕ್ಕವು. 15ರ ಹತ್ತಿರದವು ವಿರಳ, ಸಿಕ್ಕರೂ ಒಂದೇ ತುದಿ ಅರಳಿದವು. ಆಮೇಲೆ ಕಣ್ಣಿಗೆ ಬಿದ್ದ ದುಂಡನೆಯ ವಸ್ತುವನ್ನೆಲ್ಲ ಅಳೆಯುವ ರೋಗ ಹತ್ತಿಕೊಂಡಿತು: ಹೂಕುಂಡ, ದೀಪದ ಶೇಡ್, ಲಾಳಿಕೆ. ಲಾಳಿಕೆ ಮೇಲ್ನೋಟಕ್ಕೆ ಆಸೆ ಹುಟ್ಟಿಸುತ್ತದೆ, ಆದರೆ ಅದರ ಗೋಡೆ ನೇರ. ಕತ್ತು ಸೇರುವಲ್ಲಿ ಮತ್ತೆ ಚೂಪು ಮೂಲೆ. ಅಳತೆ ಸರಿಹೊಂದಿದ್ದು ಒಂದೇ ಒಂದು ಹೂಕುಂಡ, ಅದಕ್ಕೂ ಒಳಗೆ ಏಣು.

ಹಾಗಾದರೆ ಪೈಪನ್ನೇ ಕಾಯಿಸಿ ಅರಳಿಸೋಣ ಎಂದು ಹೊರಟೆ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ. ಅತಿಯಾಗಿ ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಆದ್ದರಿಂದ ಈ ಕೆಲಸ ಬಯಲಿನಲ್ಲೇ ಆಗಬೇಕು. ಸ್ಟೀಲಿನ ಬೋಗುಣಿಯೊಂದನ್ನು ಬೋರಲು ಹಾಕಿ, ಹೀಟ್ ಗನ್ ಹಿಡಿದು ಪೈಪಿನ ತುದಿಯನ್ನು ಸುತ್ತಲೂ ಸಮನಾಗಿ ಕಾಯಿಸಿ, ಬೋಗುಣಿಯ ಮೇಲೆ ಒತ್ತಿದೆ. ಬೆಣ್ಣೆಯಂತೆ ಇಳಿಯಿತು. ಒದ್ದೆ ಬಟ್ಟೆ ಸುತ್ತಿ ಆರಿಸಿದೆ, ಇಲ್ಲವಾದರೆ ಪೈಪು ಹಳೆಯ ಆಕಾರಕ್ಕೇ ಮರಳುತ್ತದೆ. ಎತ್ತಿ ನೋಡಿದಾಗಲೇ ಪೆದ್ದುತನ ಹೊಳೆದದ್ದು. ಬೋಗುಣಿಯ ಉಬ್ಬು ಮೊದಲು ಹೊರಕ್ಕೆ ಚಾಚಿ ಆಮೇಲೆ ಕೆಳಕ್ಕೆ ಬಾಗುತ್ತದೆ. ನನಗೆ ಬೇಕಾದದ್ದು ತದ್ವಿರುದ್ಧ: ಮೊದಲು ನೇರ, ಕೊನೆಗೆ ಹೊರಕ್ಕೆ ಬಾಗಿದ ಕಹಳೆ. ಕೈಯಲ್ಲಿದ್ದದ್ದು ಪೈಪಿನ ತುದಿಗೆ ಅಂಟಿದ ಬಟ್ಟಲು. ಕತ್ತಿನಲ್ಲಿ ಒಂದು ಕಟುವಾದ ಮಡಿಕೆ. ಕಹಳೆಯಾಕಾರದ ಮರದ ಅಚ್ಚು ಇದ್ದಿದ್ದರೆ ಇದೇ ವಿಧಾನ ಕೆಲಸ ಮಾಡುತ್ತಿತ್ತು. ಅಚ್ಚು ಮಾಡುವಷ್ಟು ಶ್ರಮ ಪಡುವುದಾದರೆ ಬಾಯಿಯನ್ನೇ ಮರದಲ್ಲಿ ಮಾಡಬಾರದೇಕೆ?

ಕೊನೆಗೆ ಮಾಡಿದ್ದು ಅದನ್ನೇ. 18 ಮಿಲಿಮೀಟರ್ ಎಂಡಿಎಫ್‌ನ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಎರಡು ತುಂಡು ಅಂಟಿಸಿ 36 ಮಿಲಿಮೀಟರಿನ ದಪ್ಪ ಬಳೆ. ನಡುವೆ ಪೈಪಿನ ಒಳವ್ಯಾಸದ ತೂತು. ಅಂಚು ದುಂಡಾಗಿಸಲು 25 ಮಿಲಿಮೀಟರ್ ತ್ರಿಜ್ಯದ ಬಿಟ್ (ಕೆರೆಯುವ ಅಲಗು) ಸಿಕ್ಕಿಸಿದ ರೌಟರ್ (ಮರಗೆಲಸದ್ದು, ಇಂಟರ್ನೆಟ್ಟಿನದಲ್ಲ). ಅಷ್ಟು ದೊಡ್ಡ ಬಿಟ್ಟಿಗೆ ವೇಗ ಇಳಿಸಿ, ಒಂದೊಂದು ಸುತ್ತಿಗೆ ಎರಡೆರಡು ಮಿಲಿಮೀಟರ್ ಮಾತ್ರ ಕೆರೆಯಬೇಕು. ಹಿಂಬದಿಯಲ್ಲಿ ಪೈಪು ಕೂರಲು 8 ಮಿಲಿಮೀಟರ್ ಆಳದ ಮೆಟ್ಟಿಲು. ಮೊದಲ ಬಳೆಯಲ್ಲಿ ಈ ಮೆಟ್ಟಿಲನ್ನೇ ಮುಂಚೆ ಕೊರೆದುಬಿಟ್ಟೆ. ಬಿಟ್ಟಿನ ತುದಿಯ ಬೇರಿಂಗ್ ಒರಗಿ ಓಡಲು 11 ಮಿಲಿಮೀಟರ್ ಗೋಡೆ ಇರಬೇಕಾದಲ್ಲಿ 3 ಉಳಿದಿತ್ತು. ಬೇರಿಂಗ್ ಮೆಟ್ಟಿಲಿಗೆ ಜಾರಿತು, ಕಚ್ಚಿದ ಹಣ್ಣಿನಂತೆ ಬಳೆಗೆ ಗಾಯವಾಯಿತು. ದುಂಡು ಮೊದಲು, ಮೆಟ್ಟಿಲು ಆಮೇಲೆ. ಎಂಡಿಎಫ್‌ನ ಕತ್ತರಿಸಿದ ಮೈ ನಾರುನಾರಾಗಿರುತ್ತದೆ. ವಾರ್ನಿಷ್ ಬಳಿದು ಉಜ್ಜಿ, ಮತ್ತೆ ಬಳಿದು ಉಜ್ಜಿದೆ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಪೈಪು ಎಲ್ಲಿ ಮುಗಿದು ಬಳೆ ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ತ್ರೀಡಿ ಪ್ರಿಂಟರ್ ಇರುವವರಿಗೆ ಇಷ್ಟು ಧೂಳು ಕುಡಿಯುವ ಗ್ರಹಚಾರವಿಲ್ಲ. ಅರಳಿದ ಬಾಯಿಯ 20 ಸೆಂಟಿಮೀಟರ್ ಅಗಲ ಪ್ರಿಂಟರಿನ 22 ಸೆಂಟಿಮೀಟರಿನ ಹಾಸಿಗೆಯಲ್ಲಿ ಹಿಡಿಸುತ್ತದೆ.

ಅರಳಿದ ಬಾಯಿಗೆ ಉದ್ದದ ಸೂತ್ರ ಅಂದಾಜು ಮಾತ್ರ. ಅದಕ್ಕೇ ಪೈಪನ್ನು ಉದ್ದ ಬಿಟ್ಟು, ಒಳಬಳೆಯನ್ನು ಅಂಟಿಸದೆ ಸುಮ್ಮನೆ ಸಿಕ್ಕಿಸಿ, ಒಂದೊಂದು ಆವರ್ತನದಲ್ಲೂ ಇಂಪೀಡೆನ್ಸ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆದೆ. ಅದರ ಗ್ರಾಫಿನಲ್ಲಿ ಎರಡು ದಿಬ್ಬಗಳ ನಡುವಿನ ತಗ್ಗೇ ಶ್ರುತಿ: 19.4 ಹರ್ಟ್ಸ್. 5 ಸೆಂಟಿಮೀಟರ್ ಕತ್ತರಿಸಿದ ಮೇಲೆ 20ರ ಹತ್ತಿರ ಬಂತು. ಅಳೆಯುವ ಸಲಕರಣೆ ಇಲ್ಲದಿದ್ದರೆ ಕೋನ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಯಾವ ಆವರ್ತನದಲ್ಲಿ ಗೆರೆ ಅಲುಗದೆ ತೆಳ್ಳಗೆ ನಿಲ್ಲುತ್ತದೆಂದು ನೋಡಿದರೂ ನಡೆಯುತ್ತದೆ. ಒಳಬಾಯಿಯಿಂದ ಎದುರು ಗೋಡೆಗೆ ಕನಿಷ್ಠ ಒಂದು ವ್ಯಾಸದಷ್ಟು ಜಾಗ ಬಿಟ್ಟಿದ್ದೇನೆ.

ಅಂದು ರಾತ್ರಿ ಅದೇ ಸ್ವರ, ಅದೇ ವಾಲ್ಯೂಮ್. ಪೋರ್ಟಿನ ಮುಂದೆ ಅಂಗೈ ಹಿಡಿದರೆ ಗಾಳಿ ತಟ್ಟುತ್ತಿತ್ತು, ಸದ್ದಿಲ್ಲ. ತಂಗಿ ಬಂದು ಬಾಗಿಲಲ್ಲಿ ನಿಂತಳು. "ಒಲೆ ಆರಿದೆ, ಅಣ್ಣಾ. ಈಗ ಕಿಟಕಿ ನಡುಗುತ್ತಿದೆ" ಎಂದಳು. ನೋಡಿದರೆ ಗಾಜಿನ ಅಂಚಿನ ಮೇಣ ಒಣಗಿ ಉದುರಿದೆ. ಅದಕ್ಕೆ ಪೋರ್ಟ್ ಹೊಣೆಯಲ್ಲ ಎಂದು ವಾದಿಸುತ್ತಿದ್ದೇನೆ, ಅವಳು ಒಪ್ಪುತ್ತಿಲ್ಲ.