ಸೀಲ್ ಒಡೆಯದ ಪೆಟ್ಟಿಗೆ ನನಗೆ ಬೇಡ

ಹಳೇ ಕಂಪ್ಯೂಟರ್, ಹಳೇ ಗೇಮ್ ಕನ್ಸೋಲ್ ಕೊಳ್ಳುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಯಾರೂ ಮುಟ್ಟದ, ಪೆಟ್ಟಿಗೆಯಿಂದ ಆಚೆಗೇ ತೆಗೆಯದ ಯಂತ್ರವೇ ಎಲ್ಲಕ್ಕಿಂತ ಮೇಲು. ‘ಸೀಲ್ ಒಡೆದಿಲ್ಲ, ಒಮ್ಮೆಯೂ ಬಿಚ್ಚಿಲ್ಲ’ ಅಂತ ಬರೆದಿದ್ದರೆ ಜನ ಮುಗಿಬೀಳುತ್ತಾರೆ. ನನ್ನ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಮಾರುವವರು ಹೊರಮೈ ಎಷ್ಟೇ ಫಳಫಳ ಹೊಳೆಯುವ ಫೋಟೊ ಕಳಿಸಿದರೂ ನಾನು ಕೇಳುವುದು ಇನ್ನೊಂದು ಫೋಟೊ: ಮುಚ್ಚಳ ತೆಗೆದು ಬೋರ್ಡ್ ತೋರಿಸಿ. ‘ಇದನ್ನು ಹಿಂದಿನವರು ಬಿಚ್ಚಿ ರಿಪೇರಿ ಮಾಡಿಸಿದ್ದಾರೆ’ ಎಂದು ಹಿಂಜರಿಯುತ್ತಾ ಹೇಳಿದರಂತೂ ಆ ಯಂತ್ರದ ಮೇಲೆ ನನಗೆ ಆಸೆ ಜಾಸ್ತಿಯಾಗುತ್ತದೆ.

ಪೆಟ್ಟಿಗೆ ಮುಚ್ಚಿಟ್ಟ ಮಾತ್ರಕ್ಕೆ ಒಳಗಿನ ವಸ್ತು ಹಾಗೇ ಉಳಿಯುವುದಿಲ್ಲ. ಬ್ಯಾಟರಿ, ಕೆಪಾಸಿಟರ್ (ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ), ರಬ್ಬರ್ ಬೆಲ್ಟ್ ಬಳಸಿದರೂ ಹಾಳಾಗುತ್ತವೆ, ಬಳಸದಿದ್ದರೂ ಹಾಳಾಗುತ್ತವೆ. ದಿನಾ ಬಳಸುತ್ತಿದ್ದವರಿಗೆ ಅದು ಗೊತ್ತಾಗಿ ಏನಾದರೂ ಮಾಡಿರುತ್ತಾರೆ. ಕಟ್ಟಿ ಅಟ್ಟಕ್ಕೆ ಹಾಕಿದವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಅಮಿಗಾ 500 ತೆಗೆದುಕೊಳ್ಳಿ. 1987ರಲ್ಲಿ ಬಂದ ಹೋಮ್ ಕಂಪ್ಯೂಟರ್. ಅದರ ಅಡಿಭಾಗದಲ್ಲೊಂದು ಸಣ್ಣ ಬಾಗಿಲಿದೆ. ಅಲ್ಲಿ ಎ501 ಎಂಬ ಕಾರ್ಡ್ ಕೂರಿಸಿದರೆ 512 ಕೆಬಿ ಮೆಮೊರಿ 1 ಎಂಬಿ ಆಗುತ್ತಿತ್ತು, ಜೊತೆಗೆ ತಾರೀಖು-ಸಮಯ ನೆನಪಿಡುವ ಗಡಿಯಾರವೂ ಸಿಗುತ್ತಿತ್ತು. ಆ ಗಡಿಯಾರಕ್ಕೆಂದು ಬೋರ್ಡಿಗೇ ಬೆಸುಗೆ ಹಾಕಿದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ವಯಸ್ಸಾದ ಮೇಲೆ ಅದು ಸೋರುವುದು ಸಹಜ. ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ತಾಮ್ರದ ಗೆರೆಗಳನ್ನು ನಿಧಾನವಾಗಿ ತಿನ್ನುತ್ತಾ ಹೋಗುತ್ತದೆ.

ನನ್ನ ಕೈಗೆ ಬಂದ ಒಂದು ಎ501 ಹೊರಗಿನಿಂದ ಅಂಗಡಿಯಿಂದ ಆಗತಾನೇ ತಂದ ಹಾಗಿತ್ತು. ತಗಡಿನ ಹೊದಿಕೆ ಎತ್ತಿ ನೋಡಿದರೆ ಬ್ಯಾಟರಿಯ ಸುತ್ತ ನೀಲಿ-ಹಸಿರು ಕಿಲುಬು, ಅಂಚಿನಲ್ಲಿ ಬಿಳೀ ಹರಳು. ಪಕ್ಕದ ಚಿಪ್‌ನ ಕಾಲುಗಳು ಕಪ್ಪಾಗಿದ್ದವು. ಮೊದಲು ಬ್ಯಾಟರಿಯನ್ನು ಕತ್ತರಿಸಿ ತೆಗೆದೆ. ಆಮೇಲೆ ಹತ್ತಿ ಸುತ್ತಿದ ಕಡ್ಡಿಯನ್ನು ಬಿಳೀ ವಿನಿಗರ್‌ನಲ್ಲಿ ಅದ್ದಿ ಒತ್ತಿ ಹಿಡಿದರೆ ಸಣ್ಣಗೆ ಗುಳ್ಳೆ ಏಳುತ್ತದೆ: ಆಮ್ಲ ಕ್ಷಾರವನ್ನು ತಟಸ್ಥ ಮಾಡುವ ಕೆಲಸ ನಡೆಯುತ್ತಿದೆ ಎಂದರ್ಥ. ಗುಳ್ಳೆ ನಿಂತ ಮೇಲೆ ನೀರು, ನೀರಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಒಣಗಿದ ಬಳಿಕ ನಿಜವಾದ ಕೆಲಸ ಶುರು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದೊಂದು ಗೆರೆಯನ್ನೂ ಈ ತುದಿಯಿಂದ ಆ ತುದಿಗೆ ಮುಟ್ಟಿ ನೋಡಬೇಕು. ಬೀಪ್ ಬಾರದ ಕಡೆ ಹಸಿರು ಲೇಪ ಕೆರೆದು, ಕೂದಲಿನಷ್ಟು ಸಣ್ಣ ತಂತಿ ಬೆಸೆಯಬೇಕು. ಬ್ಯಾಟರಿ ಇದ್ದ ಜಾಗಕ್ಕೆ ನಾನು ಹಾಕಿದ್ದು ಬಟನ್ ಸೆಲ್ ಕೂರುವ ಹೋಲ್ಡರ್ ಮತ್ತು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್. ಡಯೋಡ್ ಮರೆಯುವಂತಿಲ್ಲ. ಆ ಸರ್ಕ್ಯೂಟ್ ಹಳೇ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು, ಮಾಮೂಲಿ ಬಟನ್ ಸೆಲ್ಲನ್ನು ಚಾರ್ಜ್ ಮಾಡಲು ಹೋದರೆ ಅಪಾಯ.

ಈಗ ಆ ಕಾರ್ಡ್ ನೋಡಲು ಅಂದವಾಗಿಲ್ಲ. ಎರಡು ಕಡೆ ತಂತಿ ಕಾಣುತ್ತದೆ, ಒಂದು ಕಡೆ ಲೇಪ ಹೋಗಿದೆ. ಆದರೆ ಗಡಿಯಾರ ನಡೆಯುತ್ತದೆ, ಮೆಮೊರಿ ಪೂರ್ತಿ ಸಿಗುತ್ತದೆ. ಒಮ್ಮೆಯೂ ತೆರೆಯದ ಎ501 ಒಂದನ್ನು ಇದರ ಬದಲಿಗೆ ಕೊಡುತ್ತೇನೆಂದರೂ ನಾನು ಒಪ್ಪುವುದಿಲ್ಲ.

ಒಂದೊಂದು ಯಂತ್ರಕ್ಕೂ ಇಂಥ ಗುಟ್ಟಿದೆ. 1982ರ ಕಮೊಡೋರ್ 64 ಕಂಪ್ಯೂಟರಿನ ಜೊತೆ ಬರುತ್ತಿದ್ದ ಪವರ್ ಸಪ್ಲೈಗಳಲ್ಲಿ ಬಹಳಷ್ಟನ್ನು ಎಪಾಕ್ಸಿ ತುಂಬಿ ಗಟ್ಟಿ ಮಾಡಿರುತ್ತಾರೆ. ಬಿಸಿ ಹೊರಗೆ ಹೋಗಲು ಕಷ್ಟ, ಬಿಚ್ಚಿ ರಿಪೇರಿ ಮಾಡಲೂ ಕಷ್ಟ. ವೋಲ್ಟೇಜನ್ನು ಹಿಡಿತದಲ್ಲಿಡುವ ಒಳಗಿನ ರೆಗ್ಯುಲೇಟರ್ ಕೈಕೊಟ್ಟರೆ 5 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಹೆಚ್ಚು ಹರಿದು ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಅದಕ್ಕೇ ‘ಆನ್ ಮಾಡಿ ನೋಡಿ, ವರ್ಕ್ ಆಗುತ್ತೆ’ ಎಂದು ಮಾರುವವರು ಪ್ಲಗ್ ಕೈಗೆ ಕೊಟ್ಟಾಗ ಬೇಡ ಎನ್ನುತ್ತೇನೆ. ಹೊಸ ಸಪ್ಲೈ ಇಲ್ಲದೆ ಆ ಯಂತ್ರಕ್ಕೆ ಕರೆಂಟ್ ಕೊಡಲೇಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಒಳಗೆ ಕೂತಿರುವುದು ಬಾಬ್ ಯಾನ್ಸ್ ವಿನ್ಯಾಸ ಮಾಡಿದ ಎಸ್‌ಐಡಿ ಎಂಬ ಸೌಂಡ್ ಚಿಪ್. ಮೂರೇ ದನಿಯಲ್ಲಿ ಅದು ಹೊರಡಿಸುವ ನಾದವನ್ನು ಕೇಳಿದವರು ಮರೆಯಲಾರರು. ಆ ಚಿಪ್ಪನ್ನು ಈಗ ಯಾರೂ ತಯಾರಿಸುತ್ತಿಲ್ಲ.

1981ರ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಪವರ್ ಸಪ್ಲೈನಲ್ಲಿ ಅರೆಪಾರದರ್ಶಕ ಕವಚದ ಕಾಗದದ ಕೆಪಾಸಿಟರ್‌ಗಳಿವೆ. ಕವಚ ಬಿರುಕು ಬಿಟ್ಟು ತೇವ ಒಳಸೇರಿರುತ್ತದೆ. ವರ್ಷಗಳ ಮೇಲೆ ಒಮ್ಮೆ ಆನ್ ಮಾಡಿದರೆ ಢಬ್ ಎಂದು ಒಡೆದು ಕೋಣೆಯಿಡೀ ಕಮಟು ಹೊಗೆ. ಬಿರುಕು ಬರಿಗಣ್ಣಿಗೇ ಕಾಣುತ್ತದೆ, ಆದರೆ ಮುಚ್ಚಳ ತೆಗೆದವರಿಗೆ ಮಾತ್ರ. 2001ರ ಮೊದಲ ಎಕ್ಸ್‌ಬಾಕ್ಸ್‌ನ ಬಹುತೇಕ ಬೋರ್ಡ್‌ಗಳಲ್ಲಿ ಗಡಿಯಾರಕ್ಕೆಂದು ಒಂದು ದೊಡ್ಡ ಕೆಪಾಸಿಟರ್ ಇದೆ, ಸೋರುತ್ತದೆ, ಕಿತ್ತುಹಾಕಿದರೆ ಆಟಕ್ಕೇನೂ ತೊಂದರೆಯಿಲ್ಲ. ಸ್ಪೆಕ್ಟ್ರಮ್ ಎಂಬ ಹಳೇ ಕಂಪ್ಯೂಟರಿನ ರಬ್ಬರ್ ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಒಣಗಿ ಸೀಳುತ್ತದೆ. ಹೊಸದು ಸಿಗುತ್ತದೆ, ಹಾಕಿ.

ಕಾರ್ಟ್ರಿಡ್ಜ್‌ಗಳ, ಅಂದರೆ ಗೇಮ್ ತುಂಬಿದ ಪ್ಲಾಸ್ಟಿಕ್ ಡಬ್ಬಿಗಳ ವಿಷಯಕ್ಕೆ ಬಂದರೆ ಒಳಗೆ ನೋಡಬೇಕಾದ ಕಾರಣ ಬೇರೆ. ನಕಲಿ ಮಾಲು ತುಂಬಿಕೊಂಡಿದೆ, ಅದರಲ್ಲೂ ನಿಂಟೆಂಡೊದ ಕೈಲಿ ಹಿಡಿದು ಆಡುವ ಗೇಮ್ ಬಾಯ್ ಮತ್ತು ಗೇಮ್ ಬಾಯ್ ಅಡ್ವಾನ್ಸ್‌ಗೆ. ಗೇಮ್ ಬಾಯ್ ಅಡ್ವಾನ್ಸ್‌ನ ಅಸಲಿ ಕಾರ್ಟ್ರಿಡ್ಜ್ ಆದರೆ ಕೆಳಗಿನ ಬಾಯಿಯಲ್ಲಿ ಇಣುಕಿದಾಗ ಚಿನ್ನದ ಬಣ್ಣದ ಕಾಲುಗಳ ಮೇಲುಗಡೆ ನಿಂಟೆಂಡೊ ಹೆಸರು ಅಚ್ಚಾಗಿರುವುದು ಕಾಣುತ್ತದೆ. ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿ ಮೂಡಿಸಿದ ಸಣ್ಣ ಅಂಕಿ ಕಾಣಬೇಕು. ಸಂಶಯ ಉಳಿದರೆ ಬಿಚ್ಚಿಯೇ ನೋಡುವುದು. ಹಳೇ ಗೇಮ್ ಬಾಯ್ ಕಾರ್ಟ್ರಿಡ್ಜ್‌ನ ಸ್ಕ್ರೂಗೆ 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು. ಒಳಗೆ ಚಿಪ್ ಬದಲು ಕಪ್ಪು ಗೋಂದಿನ ಉಂಡೆ ಕೂತಿದ್ದರೆ ಸಾಮಾನ್ಯವಾಗಿ ಅದು ನಕಲಿಯೇ.

ಬಿಚ್ಚಿದಾಗ ಕಾಣುವ ಇನ್ನೊಂದು ವಸ್ತು ಸೇವ್ ಬ್ಯಾಟರಿ: ಆಟ ಎಲ್ಲಿಯವರೆಗೆ ಬಂದಿದೆ ಎಂಬ ದಾಖಲೆಯನ್ನು (ಸೇವ್) ಉಳಿಸಿಡುವುದು ಇದೇ. ಅಮೆರಿಕದಲ್ಲಿ 1987ರಲ್ಲಿ ಬಂದ ಲೆಜೆಂಡ್ ಆಫ್ ಝೆಲ್ಡಾ ಕಾರ್ಟ್ರಿಡ್ಜ್‌ನಲ್ಲೇ ಅದಿತ್ತು. ಪೋಕೆಮಾನ್ ಗೋಲ್ಡ್, ಸಿಲ್ವರ್‌ಗಳಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ನಡೆಸಬೇಕು, ಆದ್ದರಿಂದ ಬೇಗ ಖಾಲಿ. ಬ್ಯಾಟರಿ ತೆಗೆದ ಕ್ಷಣ ಸೇವ್ ಅಳಿಸಿಹೋಗುತ್ತದೆ. ನಾನು ಮೊದಲು ಕಾರ್ಟ್ರಿಡ್ಜ್ ರೀಡರ್‌ಗೆ ಹಾಕಿ ಸೇವ್ ಫೈಲ್ ಕಂಪ್ಯೂಟರಿಗೆ ಇಳಿಸಿಕೊಂಡು, ಹೊಸ ಬ್ಯಾಟರಿ ಬೆಸೆದು, ಮತ್ತೆ ಅದನ್ನು ವಾಪಸ್ ಬರೆಯುತ್ತೇನೆ. ಹೀಗೆ ಇಳಿಸಿಕೊಂಡ ಒಂದು ಸೇವ್‌ನಲ್ಲಿ ಗುರುತೇ ಇಲ್ಲದ ಯಾವುದೋ ಮಗು ತನ್ನ ಪೋಕೆಮಾನ್‌ಗಳಿಗೆಲ್ಲ ಮನೆಮಂದಿಯ ಹೆಸರಿಟ್ಟಿತ್ತು ಎಂದು ಕಾಣುತ್ತದೆ. ಅಪ್ಪ, ಅಮ್ಮ ಇಬ್ಬರೂ ಸಾಲಾಗಿ ನಿಂತಿದ್ದರು. ಅದನ್ನು ಅಳಿಸಲು ನನಗೇನು ಹಕ್ಕು? ಸೀಲ್ ಒಡೆಯದ, ಗಟ್ಟಿ ಪ್ಲಾಸ್ಟಿಕ್ ಗೂಡಿನಲ್ಲಿಟ್ಟು ಸ್ಥಿತಿಗೆ ಅಂಕ ಕೊಟ್ಟ ಗೇಮ್‌ಗಳಲ್ಲಿ ಇದೊಂದೂ ಇಲ್ಲ. ಆ ಬ್ಯಾಟರಿ ಇನ್ನೂ ಇದೆಯೋ ಸತ್ತಿದೆಯೋ ನೋಡುವಂತೆಯೂ ಇಲ್ಲ. ಆಡಲೆಂದು ಮಾಡಿದ ವಸ್ತುವನ್ನು ಯಾರೂ ಆಡದ ಹಾಗೆ ಕಾಪಾಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಹಳೇ ಯಂತ್ರಗಳ ಪ್ಲಾಸ್ಟಿಕ್ ಹಳದಿಯಾಗುವುದರ ಬಗ್ಗೆ ಬಹಳ ಜನ ಕೇಳುತ್ತಾರೆ. ಬೆಂಕಿ ತಡೆಯಲೆಂದು ಪ್ಲಾಸ್ಟಿಕ್‌ಗೆ ಬೆರೆಸಿದ ಬ್ರೋಮಿನ್ ಸಂಯುಕ್ತಗಳ ಪಾತ್ರ ಅದರಲ್ಲಿದೆ ಎನ್ನುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳುಪಾಗುತ್ತದೆ, ಆದರೆ ಎಷ್ಟೋ ಸಲ ಹಳದಿ ಮತ್ತೆ ಬರುತ್ತದೆ. ನಾನು ಅದರ ತಂಟೆಗೆ ಹೋಗುವುದಿಲ್ಲ. ಸೋಪು ನೀರಿನಲ್ಲಿ ತೊಳೆದರೆ ಸಾಕು.

ಹಳೇ ಯಂತ್ರದಂತೆಯೇ ನಡೆದುಕೊಂಡು ಅದರ ಆಟ ಆಡಿಸುವ ಸಾಫ್ಟ್‌ವೇರ್, ಅಂದರೆ ಎಮ್ಯುಲೇಟರ್ ಇರುವಾಗ ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ಎಮ್ಯುಲೇಟರ್ ನನಗೂ ಬೇಕು. 2023ರಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್, ಸಾಫ್ಟ್‌ವೇರ್ ಪ್ರಿಸರ್ವೇಶನ್ ನೆಟ್‌ವರ್ಕ್ ಸೇರಿ ನಡೆಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ 2010ಕ್ಕೂ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕೇ ಇಲ್ಲ. ಪ್ರತಿ ಮಾಡಿಟ್ಟುಕೊಳ್ಳದಿದ್ದರೆ ಅವು ಹೋದ ಹಾಗೆಯೇ. ಆದರೆ ಪ್ರತಿ ಸರಿಯಾಗಿದೆಯೋ ಇಲ್ಲವೋ ಹೋಲಿಸಿ ನೋಡಲು ನಡೆಯುವ ಅಸಲಿ ಯಂತ್ರ ಬೇಕು. ಕೆಲವು ಆಟಗಳಿಗೆ ಆ ಕಾಲದ ಟಿವಿಯೂ ಬೇಕು. ನಿಂಟೆಂಡೊ ಝ್ಯಾಪರ್ ಬಂದೂಕಿನ ಕುದುರೆ ಒತ್ತಿದಾಗ ಪರದೆ ಒಂದು ಗಳಿಗೆ ಕಪ್ಪಾಗಿ, ಗುರಿ ಇದ್ದ ಕಡೆ ಮಾತ್ರ ಬಿಳೀ ಚೌಕ ಮೂಡುತ್ತದೆ. ಬಂದೂಕಿನ ತುದಿಯಲ್ಲಿರುವ ಬೆಳಕಿನ ಸೆನ್ಸರ್ ಆ ಚೌಕವನ್ನು ಹುಡುಕುತ್ತದೆ. ಎಲ್‌ಸಿಡಿ ಚಿತ್ರ ತೋರಿಸುವುದು ಒಂದಿಷ್ಟು ತಡ, ಬೆಳಕಿನ ಮಿಡಿತವೂ ಬೇರೆ. ಹಾಗಾಗಿ ಬಂದೂಕಿಗೆ ಅದು ಕಾಣುವುದೇ ಇಲ್ಲ. ಭಾರೀ ತೂಕದ ಸಿಆರ್‌ಟಿ (ಹಳೇ ಪಿಕ್ಚರ್ ಟ್ಯೂಬ್) ಟಿವಿಗೆ ಜಾಗ ಮಾಡಿಕೊಂಡಿರುವುದು ಇದಕ್ಕೇ. ಅಂದಹಾಗೆ, ಸಿಆರ್‌ಟಿ ಒಳಗೆ ಮಾತ್ರ ನಾನು ಕೈ ಹಾಕುವುದಿಲ್ಲ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದು ಬಲ್ಲವರ ಕೆಲಸ.

ರಿಪೇರಿ ಮುಗಿಸಿದ ಪ್ರತಿ ಯಂತ್ರದ ಮುಚ್ಚಳದ ಒಳಗೆ ನಾನೊಂದು ಚೀಟಿ ಅಂಟಿಸುತ್ತೇನೆ: ಯಾವ ಬ್ಯಾಟರಿ ತೆಗೆದೆ, ಯಾವ ಕೆಪಾಸಿಟರ್ ಬದಲಿಸಿದೆ, ಎಲ್ಲಿ ತಂತಿ ಎಳೆದೆ, ಯಾವ ವರ್ಷ. ಮುಂದೆ ಅದನ್ನು ಕೊಳ್ಳುವವರಿಗೆ ಹುಡುಕಾಟ ತಪ್ಪುತ್ತದೆ. ನಿಮ್ಮ ಯಂತ್ರಗಳಿಗೂ ಅಂಟಿಸಿ. ಮಾರುವಾಗ ಅದನ್ನು ಕಿತ್ತುಹಾಕಬೇಡಿ, ಮುಚ್ಚಳ ತೆರೆದು ಚೀಟಿ ಕಾಣುವ ಹಾಗೆ ಫೋಟೊ ತೆಗೆಯಿರಿ. ನನ್ನಂಥವರು ಮೊದಲು ಕೇಳುವುದು ಅದನ್ನೇ.