ಪುಕ್ಕಟೆ ಇದ್ದರೂ ಆ ಮಂದಿ ಯಾಕ ಬರೂದಿಲ್ಲ?

ಬೆಳಗಾವಿಯಲ್ಲಿ ಕ್ಷಯರೋಗದ ಕೆಲಸ ಮಾಡುವ ಯಾರನ್ನೇ ಕೇಳಿ, ಈ ಪ್ರಶ್ನೆ ಅವರ ಬೆನ್ನು ಬಿಟ್ಟಿರುವುದಿಲ್ಲ. "ತಪಾಸಣಿ ಪುಕ್ಕಟೆ, ಗುಳಿಗಿ ಪುಕ್ಕಟೆ, ಮ್ಯಾಲ ಸರ್ಕಾರ ರೊಕ್ಕಾನೂ ಕೊಡತೈತಿ. ಆದ್ರೂ ಆ ಮಂದಿ ದವಾಖಾನಿಗೆ ಯಾಕ ಬರೂದಿಲ್ರೀ?" ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು "ಆ ಮಂದಿ" ಎಂಬ ಮಾತು ಬಿಡಿ. ಕೇಳುವವರು ಬದಲಾದಂತೆ ಅದರ ಅರ್ಥವೂ ಬದಲಾಗುತ್ತದೆ. ಒಬ್ಬರಿಗೆ ಅದು ಮುಸಲ್ಮಾನರ ಗಲ್ಲಿ, ಇನ್ನೊಬ್ಬರಿಗೆ ತಾಂಡಾ ಬಿಟ್ಟು ಬಂದ ಲಂಬಾಣಿಗರು, ಮತ್ತೊಬ್ಬರಿಗೆ ಉದ್ಯಮಬಾಗದ ಫೌಂಡ್ರಿಗೆ, ಅಂದರೆ ಎರಕದ ಕಾರ್ಖಾನೆಗೆ, ಹೊರರಾಜ್ಯದಿಂದ ಬಂದ ಹುಡುಗರು. ನಮ್ಮವರು ಬರದಿದ್ದರೆ "ಪಾಪ, ಅಡಚಣಿ ಇತ್ತು" ಅನ್ನುತ್ತೀರಿ. ಬೇರೆಯವರು ಬರದಿದ್ದರೆ "ಅವರ ರೂಢೀನ ಹಂಗ" ಅನ್ನುತ್ತೀರಿ. ಸಿಟ್ಟು ಬರುವುದು ಇಲ್ಲೇ.

ಅವರು ಬರುವುದಿಲ್ಲ ಎಂಬುದೂ ಸುಳ್ಳು. ಕೆಮ್ಮು ಹತ್ತಿದಾಗ ಹೋಗುತ್ತಾರೆ, ಕೈಯಿಂದ ರೊಕ್ಕ ಕೊಟ್ಟು ಹೋಗುತ್ತಾರೆ, ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆದಿರುವ ಕಡೆ ಹೋಗುತ್ತಾರೆ. ಮೊದಲು ಮೆಡಿಕಲ್ ಅಂಗಡಿಯ ಕೆಮ್ಮಿನ ಔಷಧಿ, ಆಮೇಲೆ ಗಲ್ಲಿಯ ಡಾಕ್ಟರರ ಸೂಜಿ, ಅದಾದ ಮೇಲೆ ಐದು ದಿನದ ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್. ಈ ಕೊನೆಯದರಿಂದ ಬಹಳ ಹಾನಿ. ಆ ಗುಳಿಗೆ ಕ್ಷಯದ ರೋಗಾಣುವಿಗೂ ಸ್ವಲ್ಪ ಪೆಟ್ಟು ಕೊಡುತ್ತದೆ, ಆದರೆ ಕೊಲ್ಲುವುದಿಲ್ಲ. ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಆರಾಮಾಯಿತೆಂದು ಕೆಲಸಕ್ಕೆ ಹೊರಡುತ್ತಾರೆ. ಆ ನಡುವೆ ಕಫ ಪರೀಕ್ಷಿಸಿದರೆ ರೋಗ ಸಿಗದೆಯೂ ಹೋಗಬಹುದು. ಕೆಲವು ವಾರಗಳಲ್ಲಿ ಎಲ್ಲ ಮರಳುತ್ತದೆ, ಅಷ್ಟರಲ್ಲಿ ಮೈ ಇಳಿದಿರುತ್ತದೆ, ಕೈ ಖಾಲಿಯಾಗಿರುತ್ತದೆ.

ನಮ್ಮ ಕ್ಲಿನಿಕ್ ಇರುವುದು ಮುಂಜಾನೆ 9ರಿಂದ ಸಂಜೆ 4:30ರ ತನಕ. ದಿನಗೂಲಿಯ ಹೊತ್ತೂ ಅದೇ. ನೀವೇ ಲೆಕ್ಕ ಹಾಕಿ. ತೋರಿಸಿ ಮೊದಲ ಕಫ ಕೊಡಲು ಒಂದು ದಿನ, ನಸುಕಿನ ಕಫ ಕೊಡಲು ಮರುದಿನ, ಫಲಿತಾಂಶದ ಚೀಟಿ ತರಲು ಇನ್ನೊಂದು ದಿನ, ಸಕ್ಕರೆ ಮತ್ತು ಎಚ್‌ಐವಿ ತಪಾಸಣೆ ಮುಗಿಸಿ ಗುಳಿಗೆ ಶುರುಮಾಡಲು ಮತ್ತೊಂದು. ಪಗಾರ ದಿನಕ್ಕೆ 500 ಎಂದು ಹಿಡಿದರೂ ಮೊದಲ ವಾರವೇ 2,000 ರೂಪಾಯಿ ಹೋಯಿತು. ಇದರಲ್ಲಿ ಯಂತ್ರದ ತಪ್ಪಿಲ್ಲ. ಕಫ ಪರೀಕ್ಷಿಸುವ ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ರೋಗಾಣು ಇದೆಯೋ ಇಲ್ಲವೋ, ಅದಕ್ಕೆ ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ, ಎರಡನ್ನೂ ಹೇಳಿಬಿಡುತ್ತದೆ. ಕಫದ ಡಬ್ಬಿ ಯಂತ್ರದ ತನಕ ಮುಟ್ಟಲು, ಚೀಟಿ ರೋಗಿಯ ತನಕ ಮರಳಲು ಹಿಡಿಯುವ ದಿನಗಳೇ ಆ ಪಗಾರ ತಿನ್ನುವುದು.

ಇನ್ನು ಆ ಡಬ್ಬಿಯ ವಿಷಯ. "ಇದರಾಗ ಉಗುಳ್ರಿ" ಅಂದರೆ ಜನ ಉಗುಳುತ್ತಾರೆ. ನಮಗೆ ಬೇಕಾದದ್ದು ಕಫ. ಇಲ್ಲಿಯ ಉರ್ದುವಿನಲ್ಲಿ ಥೂಕ್ ಅಂದರೆ ಉಗುಳು, ಬಲಗಮ್ ಅಂದರೆ ಕಫ. ಮರಾಠಿಯಲ್ಲಿ ಥುಂಕಿ ಬೇರೆ, ಬೇಡಕಾ ಬೇರೆ. ಆ ಒಂದು ಪದ ತಪ್ಪಿದರೆ ಡಬ್ಬಿಯಲ್ಲಿ ಬರುವುದು ತೆಳ್ಳಗಿನ ಜೊಲ್ಲು. ಚೀಟಿಯಲ್ಲಿ "ರೋಗವಿಲ್ಲ" ಎಂದು ಬರುತ್ತದೆ. ಆ ತಾಯಿ ಮನೆಗೆ ಹೋಗಿ, ಮಕ್ಕಳು ಮಲಗುವ ಅದೇ ಕೋಣೆಯಲ್ಲಿ ಮತ್ತೆರಡು ತಿಂಗಳು ಕೆಮ್ಮುತ್ತಾಳೆ.

ಸರಿಯಾಗಿ ಹೇಳುವುದು ಹೀಗೆ. ನಸುಕಿನಲ್ಲಿ ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು, ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಬಯಲಲ್ಲೋ ಮಾಳಿಗೆಯ ಮೇಲೋ ನಿಲ್ಲಬೇಕು, ಬಚ್ಚಲು ಸಂಡಾಸು ಬೇಡ. ಎದೆ ತುಂಬ ಉಸಿರೆಳೆದು, ಗಳಿಗೆ ಹಿಡಿದು, ಬಿಡಬೇಕು. ಹೀಗೆ ಎರಡು ಮೂರು ಸಲ ಮಾಡಿ ಎದೆಯಾಳದಿಂದ ಕೆಮ್ಮಬೇಕು. ಕನಿಷ್ಠ 2 ಮಿಲಿ ಬೇಕು, ಅಂದರೆ ಸಣ್ಣ ಚಮಚದ ಅರ್ಧಕ್ಕಿಂತ ತುಸು ಕಡಿಮೆ. ಅಂಟಂಟಾಗಿ ಗಟ್ಟಿ ಇರಬೇಕು, ಬರೀ ನೊರೆ ನಡೆಯುವುದಿಲ್ಲ. ಮುಚ್ಚಳ ಬಿಗಿಯಾಗಿ ತಿರುವಬೇಕು. ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಬೇಕು, ಮುಚ್ಚಳದ ಮೇಲೆ ಬರೆದರೆ ಅದಲುಬದಲಾಗುತ್ತದೆ. ಇಷ್ಟು ಹೇಳಲು ಎರಡು ನಿಮಿಷ ಸಾಕು. ಅದರ ಬದಲು ಪಾಳಿಯಲ್ಲಿ ನಿಂತ ಹೆಣ್ಣುಮಗಳ ಕೈಗೆ ಡಬ್ಬಿ ಇಟ್ಟು "ಹೊರಗ ಹೋಗಿ ಕೆಮ್ಮಿ ತಗೊಂಡ ಬಾ" ಅಂದರೆ, ಅಷ್ಟು ಗಂಡಸರ ಎದುರಿಗೆ ಯಾರು ಎದೆಯಾಳದಿಂದ ಕೆಮ್ಮುತ್ತಾರೆ? ನಿಮ್ಮ ಅಕ್ಕ-ತಂಗಿಯರೂ ಕೆಮ್ಮುವುದಿಲ್ಲ.

"ಅದು ಅವರ ರಕ್ತದಾಗ ಐತಿ" ಅನ್ನುವವರೂ ಇದ್ದಾರೆ. ಆ ವಾದ ಹಳೆಯದು, ಅದಕ್ಕೆ ಉತ್ತರವೂ ಹಳೆಯದು. 1896ರಲ್ಲಿ ಅಮೆರಿಕದ ವಿಮಾ ಕಂಪನಿಯೊಂದರ ಲೆಕ್ಕತಜ್ಞ ಫ್ರೆಡ್ರಿಕ್ ಹಾಫ್‌ಮನ್, ಕಪ್ಪು ಜನರ ಸಾವು ಹೆಚ್ಚಿರುವುದು ಅವರ ಜನಾಂಗದ ಗುಣದಿಂದಲೇ ಎಂದು ಬರೆದ. ಅದೇ ವರ್ಷ ಕಪ್ಪು ಸಮಾಜಶಾಸ್ತ್ರಜ್ಞ ಡು ಬಾಯ್ಸ್ ಅಮೆರಿಕದ ಫಿಲಡೆಲ್ಫಿಯಾ ನಗರದ ಏಳನೇ ವಾರ್ಡಿನಲ್ಲಿ ಮನೆಮನೆ ತಿರುಗಲು ಶುರುಮಾಡಿದರು. ಕಪ್ಪು ಜನ ಹೆಚ್ಚಾಗಿ ಸಾಯುತ್ತಿದ್ದ ರೋಗಗಳಲ್ಲಿ ಕ್ಷಯವೂ ಇತ್ತು. ಗಾಳಿ ಬೆಳಕಿಲ್ಲದ ಮನೆ, ಹೊಲಸು ಪರಿಸರ, ಕಡಿಮೆ ಕೂಲಿ, ಇವುಗಳತ್ತ ಅವರು 1899ರಲ್ಲೇ ಬೆರಳು ತೋರಿಸಿದರು.

ಬೆಳಗಾವಿಯಲ್ಲೂ ನೋಡಬೇಕಾದದ್ದು ಅವನ್ನೇ. ಫೌಂಡ್ರಿಯಲ್ಲಿ ಉಸುಕಿನ ಅಚ್ಚು ಒಡೆಯುವಾಗ, ಎರಕ ಉಜ್ಜುವಾಗ ಸಿಲಿಕಾ ದೂಳು ಏಳುತ್ತದೆ. ಅದು ಪುಪ್ಪುಸದೊಳಗೆ ಕೂತರೆ ರೋಗಾಣುವನ್ನು ನುಂಗಿ ಹಾಕುವ ರಕ್ಷಕ ಕೋಶಗಳೇ ಕೆಡುತ್ತವೆ. ಸಿಲಿಕೋಸಿಸ್, ಅಂದರೆ ಈ ದೂಳಿನಿಂದ ಪುಪ್ಪುಸ ಕೆಡುವ ರೋಗ, ಇದ್ದವರಿಗೆ ಕ್ಷಯ ಹೆಚ್ಚು ಹತ್ತುವುದು ಇದರಿಂದ. ಕೆಮ್ಮು ಬಂದರೆ ದೂಳಿನ ಕೆಮ್ಮೆಂದು ಸುಮ್ಮನಿರುತ್ತಾರೆ. ಮಲಗುವುದು ಆರೆಂಟು ಮಂದಿ ಒಂದೇ ಕೋಣೆಯಲ್ಲಿ. ಒಂದು ಕಿಟಕಿ ಇದ್ದರೂ ನಮ್ಮೂರ ಮಳೆ ಹಿಡಿದರೆ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಬಂದವರು ನಡುವೆ ಯಾಕೆ ಬಿಟ್ಟುಹೋದರು?

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಬೆರೆತ ಗುಳಿಗೆ, ಮುಂದಿನ ನಾಲ್ಕು ತಿಂಗಳು ಮೂರು ಬೆರೆತದ್ದು. ತೂಕ 35ರಿಂದ 49 ಕಿಲೋ ಇದ್ದರೆ ದಿನಕ್ಕೆ 3, 50ರಿಂದ 64 ಇದ್ದರೆ 4. ರಿಫಾಂಪಿಸಿನ್ ಹೊಟ್ಟೆಗೆ ಬಿದ್ದರೆ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ. ಮೊದಲೇ ಅವರ ಭಾಷೆಯಲ್ಲಿ ಹೇಳದಿದ್ದರೆ ರಕ್ತ ಹೊರಟಿದೆಯೆಂದು ಅಂಜಿ ಮೂರನೇ ದಿನವೇ ನಿಲ್ಲಿಸುತ್ತಾರೆ. ವಾಕರಿಕೆಗೂ ನಿಲ್ಲಿಸುತ್ತಾರೆ. ತಾಳದಿದ್ದರೆ ಸ್ವಲ್ಪ ತಿಂದು ಗುಳಿಗೆ ತೆಗೆದುಕೊಳ್ಳಬಹುದು, ಬಿಡುವುದೊಂದು ಬೇಡ. ಕಣ್ಣು ಹಳದಿಯಾದರೆ, ದೃಷ್ಟಿ ಮಸುಕಾದರೆ ಮಾತ್ರ ಅಂದೇ ಬಂದು ತೋರಿಸಬೇಕು. ಎರಡನೇ ತಿಂಗಳಿಗೆ ಹಸಿವು ಮರಳುತ್ತದೆ, ಮೈ ತುಂಬುತ್ತದೆ, ಬಹಳ ಜನ ಗುಳಿಗೆ ಬಿಡುವ ಹೊತ್ತೂ ಅದೇ. ಒಳಗೆ ಮಂದಗತಿಯ ರೋಗಾಣು ಇನ್ನೂ ಉಳಿದಿರುತ್ತವೆ, ಉಳಿದ ನಾಲ್ಕು ತಿಂಗಳು ಇರುವುದೇ ಅವುಗಳಿಗಾಗಿ.

ಆ ರೊಕ್ಕದ ಮಾತೂ ಹೇಳಿಬಿಡುತ್ತೇನೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಆದರೆ ಅದು ಬ್ಯಾಂಕ್ ಖಾತೆಗೇ ಬರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಕೆಲವರಿಗೆ ಖಾತೆಯೇ ಇಲ್ಲ, ಕೆಲವರದು ನಡೆಸದೆ ಬಂದ್ ಬಿದ್ದಿದೆ. ಇದನ್ನು ಗುಳಿಗೆ ಶುರುವಾದ ದಿನವೇ ಕೂತು ಸರಿಮಾಡಬೇಕು. ಕಬ್ಬಿನ ಕಟಾವಿಗೋ ಊರಿಗೋ ಹೊರಟವರಿಗೆ "ಯಾಕ ಹೊಂಟಿ?" ಎಂದು ಬೈಯುವುದರಿಂದ ಏನೂ ಆಗುವುದಿಲ್ಲ. ಅವರ ನಿಕ್ಷಯ್ ಸಂಖ್ಯೆಯನ್ನು, ಅಂದರೆ ಸರ್ಕಾರದ ಕ್ಷಯ ನೋಂದಣಿ ಸಂಖ್ಯೆಯನ್ನು, ಹೋಗುವ ಊರಿನ ಸರ್ಕಾರಿ ದವಾಖಾನೆಗೆ ವರ್ಗಾಯಿಸಿ, ದಾರಿಗೆ ಸಾಲುವಷ್ಟು ಗುಳಿಗೆ ಕಟ್ಟಿಕೊಟ್ಟು, 1800-11-6666 ಎಂಬ ಸಹಾಯವಾಣಿಯನ್ನು ಅವರ ಫೋನಿನಲ್ಲಿ ಹಾಕಿಕೊಡಿ. ಮನೆಗೆ ಹುಡುಕಿಕೊಂಡು ಹೋಗುವ ಮೊದಲು ಎಲ್ಲಿ ಸಿಗಲಿ ಎಂದು ಅವರನ್ನೇ ಕೇಳಿ. ಗಲ್ಲಿಗೆಲ್ಲ ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಾರೆ, ಮಗಳ ಲಗ್ನ ಮುರಿಯುತ್ತದೆ ಎಂಬ ಅಂಜಿಕೆ ಸುಳ್ಳಲ್ಲ.

ಕಫ ಕೊಡಲು ರೋಗಿ ದವಾಖಾನೆಗೆ ಬರಲೇಬೇಕೆಂದಿಲ್ಲ. ಡಬ್ಬಿ ಬಂದರೆ ಸಾಕು. ಹಿಂದಿನ ಸಂಜೆ ಡಬ್ಬಿ ಕೊಟ್ಟು, ಹೇಗೆಂದು ತೋರಿಸಿ ಬಂದು, ಮರುದಿನ ಮುಂಜಾನೆ 7ಕ್ಕೆ, ಫೌಂಡ್ರಿ ಪಾಳಿಗೆ ಹೊರಡುವ ಮುಂಚೆ, ಗಲ್ಲಿಯ ತುದಿಗೆ ಒಬ್ಬರು ನಿಲ್ಲಬೇಕು. ಕೈಯಲ್ಲಿ 2ರಿಂದ 8 ಡಿಗ್ರಿ ತಂಪು ಹಿಡಿಯುವ ಪೆಟ್ಟಿಗೆ ಇರಬೇಕು. ಬಲಗಮ್, ಬೇಡಕಾ, ಕಫ, ಮೂರೂ ಪದ ಬಾಯಲ್ಲಿರಬೇಕು.